ಗವಾಹಿ ಕೊಟ್ಟರೆ ಮಾತ್ರ ಮಂಜೂರ್

ನಿಮ್ಮ ಅಡುಗೆಮನೆಯ ಎಣ್ಣೆ ಡಬ್ಬಿಯಲ್ಲಿ ಎಣ್ಣೆ ಮುಗಿದಲ್ಲಿಂದ ಮುಚ್ಚಳದವರೆಗೆ ಒಂದಿಷ್ಟು ಖಾಲಿ ಜಾಗ ಇರುತ್ತದಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ, ಹೇಳಿ ನೋಡೋಣ? ಫೋನ್ ಕೆಳಗಿಡಿ. ಅದನ್ನು ಕೇಳಿ ಹೇಳಿದರೆ ನಾಮಂಜೂರ್. ಎಂ.ಎ. ಮಾಡಿದ ನನ್ನ ಅಳಿಯನಿಗೂ ಗೊತ್ತಿರಲಿಲ್ಲ. ಮೆಟ್ರಿಕ್ ಪರೀಕ್ಷೆಗೆ ಎರಡು ಸಲ ಕೂತು, ಹೊಲಿಗೆ ಟೀಚರಾಗಿ ನೌಕರಿ ಮುಗಿಸಿದ ನನಗೆ ಗೊತ್ತಿದೆ. ಅದಕ್ಕೆ ಅಲಿಜ್ ಎನ್ನುತ್ತಾರೆ.

ಇದನ್ನು ನನಗೆ ಕಲಿಸಿದವರು ಕಮಲಾಪುರದ ನಮ್ಮ ಶಾಲೆಯ ಇಂಗ್ಲಿಷ್ ಟೀಚರ್. ಶಾಲೆಯಲ್ಲಿ ಮಕ್ಕಳಿಗೆ ಅವರು ಟೀಚರ್, ನಮಗೆಲ್ಲ ಆಪಾ, ಅಂದರೆ ಅಕ್ಕ. ನನ್ನನ್ನು ಅವರು ಬಾಯಿ ಎಂದು ಕರೆಯುತ್ತಿದ್ದರು. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ, "ಹೆಸರು ಹಾಜರಿ ಪುಸ್ತಕದಾಗ ಇರ್ಲಿ, ಬಾಯಾಗ ಯಾಕ?" ಎನ್ನುತ್ತಿದ್ದ ಹೆಂಗಸು. ತೀರಿಕೊಂಡ ಮೇಲೂ ಬಯ್ಯಬಲ್ಲರು. ಮೊಮ್ಮಗಳು ನನ್ನ ಫೋನಿಗೆ ಕನ್ನಡ ಅಕ್ಷರ ಹಾಕಿಕೊಟ್ಟು ತಿಂಗಳಾಯಿತು. "ಅಜ್ಜಿ, ಮೊದ್ಲು ಒಂದು ಸಣ್ಣ ಮೆಸೇಜ್ ಬರಿ" ಅಂದಳು. ನಾನು ಇದಕ್ಕೆ ಕೂತೆ.

ಕಲಬುರಗಿಯಲ್ಲಿ ಆಪಾರ ಮನೆ ರೋಜಾದ ಕಡೆ, ನನ್ನದು ಬ್ರಹ್ಮಪುರ. ದಿನಾ ಬೆಳಗ್ಗೆ ಹುಮನಾಬಾದ್ ಕಡೆಗೆ ಹೋಗುವ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿಯುತ್ತಿದ್ದೆವು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಮೊದಲನೇ ದಿನವೇ ಪಕ್ಕದಲ್ಲಿ ಕೂತ ನನ್ನನ್ನು ಅವರು ಕೇಳಿದ್ದು ಊರು ಯಾವುದು, ಮಕ್ಕಳೆಷ್ಟು ಎಂದಲ್ಲ.

"ಬಾಯಿ, ಅಲ್ಲಿ ನೋಡು. ಆ ಕಂಡಕ್ಟರ್ ಟಿಕೆಟ್ ಕಟ್ಟು ಎಲ್ಲಿಟ್ಟಾನ?"

"ಕಂಕುಳಾಗ ಇಟ್ಟಾನ್ರೀ."

"ಆಕ್ಸ್‌ಟರ್. ಕಂಕುಳಿಗಿ ಇಂಗ್ಲಿಷಿನಾಗ ಇನ್ನೊಂದು ಹೆಸರು. ಬರಕೋ."

ನಾನು ಬರೆದುಕೊಳ್ಳಲಿಲ್ಲ. ಎದ್ದು ಬೇರೆ ಸೀಟಿಗೆ ಹೋಗೋಣವೆಂದರೆ ಸೀಟಿರಲಿಲ್ಲ. ಕಮಲಾಪುರದ ಬಸ್ಸಿಗೆ ಅಲಿಜ್ ಎಂಬುದೇ ಇಲ್ಲ ಎಂದು ಮುಂದೆ ನಾನೇ ಹೇಳಿ, ಅವರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ಆದರೆ ಆವತ್ತು, ಇವರಿಗೆ ತಲೆ ಸರಿಯಿಲ್ಲ ಎಂದುಕೊಂಡು ಕಿಟಕಿಯಾಚೆ ನೋಡುತ್ತ ಕೂತೆ.

ತಲೆ ಸರಿಯಾಗಿಯೇ ಇತ್ತು. ಅವರಿಗೆ ಒಂದು ಆಟದ ಹುಚ್ಚಿತ್ತು, ಅಷ್ಟೇ. ಮಣೆಯ ಮೇಲೆ ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಅಡ್ಡ ಉದ್ದ ಪದ ಕಟ್ಟುವ ಆಟ. ನೀವೂ ನೋಡಿರುತ್ತೀರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಫುಟ್‌ಪಾತಿನಲ್ಲಿ ಹಳೆಯ ಸಾಮಾನಿನ ಜೊತೆ ಸಿಕ್ಕ ಡಬ್ಬಿ ಅವರದು. ಅದರಲ್ಲಿ ನಾಲ್ಕು ಬಿಲ್ಲೆ ಕಡಿಮೆ ಇದ್ದವು. ನನ್ನ ಹೊಲಿಗೆ ಡಬ್ಬಿಯಿಂದ ನಾಲ್ಕು ಕೋಟಿನ ಗುಂಡಿ ಇಸಿದುಕೊಂಡು, ಮೇಲೆ ಮಸಿಯಲ್ಲಿ ಅಕ್ಷರ ಬರೆದರು. ಗುಂಡಿ ಕೊಟ್ಟದ್ದಕ್ಕೆ ನಾನೂ ಆಟಕ್ಕೆ ಸೇರಬೇಕಾಯಿತು. ಶಾಲೆಯಲ್ಲಿ ಬೇರೆ ಯಾರೂ ಅವರ ಜೊತೆ ಎರಡನೇ ಸಲ ಆಡುತ್ತಿರಲಿಲ್ಲ. ಯಾಕೆಂದರೆ ಅವರ ಕಾಯಿದೆ ಹಾಗಿತ್ತು.

ಆಪಾರ ತಂದೆ ಕೋರ್ಟಿನಲ್ಲಿ ಪೇಶ್ಕಾರರಾಗಿದ್ದವರು. ಜಡ್ಜಿನ ಪಕ್ಕ ಕೂತು ಕಾಗದಪತ್ರ ನೋಡುವ ಕೆಲಸ. ಆ ಕಚೇರಿಯ ಮಾತೆಲ್ಲ ಮಗಳ ನಾಲಿಗೆಗೆ ಬಂದಿತ್ತು. ಮಣೆಯ ಮೇಲೆ ಪದ ಇಟ್ಟ ಕೂಡಲೇ ಮಾರ್ಕ್ಸ್ ಬರೆಯುತ್ತಿರಲಿಲ್ಲ. "ಗವಾಹಿ?" ಎಂದು ಕೇಳುತ್ತಿದ್ದರು. ಗವಾಹಿ ಎಂದರೆ ಸಾಕ್ಷಿ. ಆ ಪದದ ಅರ್ಥ ಹೇಳಿದರೆ ಸಾಲದು, ಕಲಬುರಗಿಯಲ್ಲೋ ಕಮಲಾಪುರದಲ್ಲೋ ಆ ವಸ್ತುವನ್ನು ಬೆರಳು ಮಾಡಿ ತೋರಿಸಬೇಕು. ತೋರಿಸಿದರೆ ಮಂಜೂರ್. ಇಲ್ಲದಿದ್ದರೆ ನಾಮಂಜೂರ್, ಬಿಲ್ಲೆ ವಾಪಸ್.

ಆರ್ಟ್ ಎಂದರೆ ಚಿತ್ರಕಲೆ ಅಂತ ನಾನು ತಿಳಿದಿದ್ದೆ. ಮೂರೇ ಅಕ್ಷರದ ಇನ್ನೊಂದು ಪದವಿದೆಯಂತೆ, ಓರ್ಟ್, ತಾಟಿನಲ್ಲಿ ಉಳಿದ ತುಣುಕು. ಊಟದ ಬಿಡುವಿನಲ್ಲಿ ಮೂರನೇ ಇಯತ್ತೆಯ ಹುಡುಗಿಯ ತಾಟಿನ ಮೂಲೆಯಲ್ಲಿದ್ದ ರೊಟ್ಟಿ ಚೂರು ಗವಾಹಿಯಾಯಿತು. ಯೆಕ್ಸ್ ಎಂದರೆ ಬಿಕ್ಕಳಿಕೆ. ಅದಕ್ಕೆ ಒಂದು ವಾರ ಕಾಯಬೇಕಾಯಿತು. ಕೊನೆಗೆ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದಾಗ ನಮ್ಮ ಹೆಡ್‌ಮಾಸ್ತರರಿಗೆ ಬಿಕ್ಕಳಿಕೆ ಹತ್ತಿ, ನಾವಿಬ್ಬರೂ ಕಣ್ಣಲ್ಲೇ ಮಂಜೂರ್ ಮಾಡಿಕೊಂಡೆವು. ಝ್ಯಾಕ್ಸ್ ಎಂದರೆ ಚಾವಣಿಗೆ ಹೊದಿಸುವ ಕಲ್ಲು ಚಪ್ಪಡಿ ಕತ್ತರಿಸುವ ಆಯುಧ. ಶಹಾಬಾದ್ ಕಲ್ಲಿನ ನಾಡಿನಲ್ಲಿ ಅದಕ್ಕೇನು ಬರ, ಹಾದಿಯಲ್ಲಿ ಕಲ್ಲು ಕೊರೆಯುವವನ ಕೈಯಲ್ಲಿ ಅಂಥದೇ ಒಂದು ಸಿಕ್ಕಿತು. ಬಸ್ಸಿನಿಂದ ಇಳಿದು ಅವನನ್ನು ಮಾತಾಡಿಸಿ, ಶಾಲೆಗೆ ತಡವಾಗಿ, ಇಬ್ಬರೂ ಹಾಜರಿಗೆ ಕೆಂಪು ಗೆರೆ ಹಾಕಿಸಿಕೊಂಡೆವು.

ಕುಮ್ ಎಂಬ ಪದ ಮಾತ್ರ ಕೊನೆಯವರೆಗೂ ನಾಮಂಜೂರ್. ಬರ್ಫ ಕೊರೆದು ಮಾಡಿದ ಬೆಟ್ಟದ ತಗ್ಗು ಎಂದು ಅರ್ಥವಂತೆ. ಇಂಗ್ಲಿಷಿನಲ್ಲಿ ಅದನ್ನು ಸಿ, ಡಬ್ಲ್ಯೂ, ಎಂ ಎಂದು ಬರೆಯುತ್ತಾರೆ, ಒಂದೂ ಸ್ವರವಿಲ್ಲ, ಆಟದಲ್ಲಿ ಕೈತುಂಬ ಮಾರ್ಕ್ಸ್. ನಾನು ಗೋಗರೆದೆ.

"ಕಲಬುರಗ್ಯಾಗ ಬರ್ಫ ಎಲ್ಲಿ ತರ್ಲಿ ಆಪಾ? ಸೋಡಾ ಅಂಗಡ್ಯಾಗ ಅದ, ನೋಡ್ತೀರೇನು?"

"ಬೆಟ್ಟ?"

"ಅದೊಂದು ಬಿಡ್ರಿ."

"ನಾಮಂಜೂರ್."

ನಾನು ಸುಳ್ಳು ಪದ ಕಟ್ಟುವುದರಲ್ಲಿ ಪಳಗಿದ್ದೆ. ಬಿಲ್ಲೆ ಕೈಯಲ್ಲಿ ಉಳಿದಾಗಲೆಲ್ಲ ಒಂದು ಪದ ಹುಟ್ಟಿಸಿ, ಅದಕ್ಕೊಂದು ಅರ್ಥ ಹೊಲಿದುಬಿಡುತ್ತಿದ್ದೆ. ಅವರು ಸುಳ್ಳಿ ಎನ್ನುತ್ತಿರಲಿಲ್ಲ. ಚಷ್ಮಾ ಮೂಗಿನ ತುದಿಗೆ ಇಳಿಸಿ, ಪೆನ್ಸಿಲಿನಿಂದ ಮುಂದಿನ ಹಲ್ಲು ಎರಡು ಸಲ ಬಡಿದು, ಖಾಕಿ ಬಟ್ಟೆ ಹೊದಿಸಿದ ಡಿಕ್ಷನರಿ ನನ್ನ ಮುಂದೆ ಸರಿಸುತ್ತಿದ್ದರು. "ಹುಡುಕು" ಎನ್ನುತ್ತಿದ್ದರು. ಅರ್ಧ ಗಂಟೆ ಇಲ್ಲದ ಪದ ಹುಡುಕುವ ಶಿಕ್ಷೆ. ಹಾಗೆ ಹುಡುಕುತ್ತ ಹುಡುಕುತ್ತ ಇದ್ದ ಪದಗಳು ನನಗೆ ಬಂದವು.

ಅರ್ಧ ಪದಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪಿಜ್ಜಾ ಎನ್ನುವುದನ್ನು ಕತ್ತರಿಸಿ ಬರೀ ಝಾ ಎಂದರೂ ಆಟದಲ್ಲಿ ನಡೆಯುತ್ತದಂತೆ. "ಅಷ್ಟು ದೊಡ್ಡ ರೊಟ್ಟಿ ತಿನ್ನಾಕ ಬಾಯಿ ತೆರಿತದ, ಪೂರಾ ಹೆಸರು ಹೇಳಾಕ ತೆರೆಯಂಗಿಲ್ಲೇನು?" ಎಂದು ಆ ಪದವನ್ನು ತಮ್ಮ ವಹಿಯಿಂದ ಹೊಡೆದುಹಾಕಿದ್ದರು.

ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆ ಗೊತ್ತಿರಬೇಕು. ಮರಳಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಆಪಾ ದಿನಕ್ಕೊಂದೇ ಒಂದು ಹಣ್ಣು ಕೊಳ್ಳುತ್ತಿದ್ದರು. ಡಜನ್ ಕಟ್ಟಿಕೊಡಲೇ ಎಂದು ಹಣ್ಣಿನವಳು ಇಪ್ಪತ್ತೆರಡು ವರ್ಷ ಕೇಳಿದಳು, ಇವರು ಇಪ್ಪತ್ತೆರಡು ವರ್ಷ ಬೇಡವೆಂದರು. ಮದುವೆ ಆಗಿರಲಿಲ್ಲ. ಮನೆಯಲ್ಲಿ ಅಣ್ಣನ ಮಗಳೊಬ್ಬಳಿದ್ದಳು. ತಂದೆತಾಯಿ ಸಣ್ಣಂದಿನಲ್ಲೇ ಹೋಗಿ, ಆಪಾರ ಕೈಯಲ್ಲೇ ಬೆಳೆದ ಹುಡುಗಿ. ಅವರನ್ನು ಫುಪ್ಪು, ಅಂದರೆ ಸೋದರತ್ತೆ, ಎನ್ನುತ್ತಿದ್ದಳು, ನನ್ನನ್ನು ಖಾಲಾ, ಚಿಕ್ಕಮ್ಮ. ಅವಳಿಗೆ ಬಾಳೆಹಣ್ಣು ಸೇರುತ್ತಿರಲಿಲ್ಲ. ಅದಕ್ಕೇ ಒಂದು.

ಹಣ್ಣಿನ ಪಕ್ಕ ಚಹಾದ ಗಾಡಿ. ಅಲ್ಲಿ ಹಿಡಿಕೆ ಇಲ್ಲದ ಗಾಜಿನ ಗ್ಲಾಸು, ಒಳಗೆ ಕುದಿಯುವ ಚಹಾ. ನಾನು ಸೀರೆಯ ಸೆರಗು ಮಡಚಿ ಗ್ಲಾಸಿಗೆ ಸುತ್ತಿ ಹಿಡಿಯುತ್ತಿದ್ದೆ, ಅವರು ದುಪಟ್ಟಾದ ತುದಿ ಸುತ್ತುತ್ತಿದ್ದರು. ಒಂದು ದಿನ ಅವರು ಗ್ಲಾಸು ಬಾಯಿಗೊಯ್ಯುವುದನ್ನು ಮರೆತು ಕೂಗಿದರು. "ಬಾಯಿ! ಝಾರ್ಫ್! ಬಿಸಿ ಬಟ್ಟಲು ಹಿಡಿಯಾಕ ಸುತ್ತಲ ಹಾಕ್ತಾರಲ್ಲ, ಅದು ಝಾರ್ಫ್! ಮೂರು ವರ್ಷಾತು ಗವಾಹಿ ಹುಡುಕಾಕತ್ತಿದ್ದೆ. ಕೈಯಾಗೇ ಇತ್ತು!" ಚಹಾದವನು ನಮ್ಮಿಬ್ಬರನ್ನೂ ನೋಡಿ, ಇನ್ನೊಂದು ಗ್ಲಾಸು ಕೊಡಲೋ ಬೇಡವೋ ಎಂದು ಯೋಚಿಸಿದ. ಅಂದಿನಿಂದ ಚಹಾ ಕುಡಿಯೋಣವೇ ಎಂದು ನಾವು ಕೇಳಲಿಲ್ಲ. "ಝಾರ್ಫ್?" ಎಂದರೆ ಮುಗಿಯಿತು.

ಇಷ್ಟೆಲ್ಲ ಪದ ಯಾರಿಗೆ ಕಲಿಸಿದಿರಿ ಎಂದು ಒಮ್ಮೆ ಕೇಳಿದ್ದೆ. ಮಕ್ಕಳಿಗೆ ಕಲಿಸುತ್ತಿದ್ದದ್ದು ಪಾಠದ್ದು, ಪರೀಕ್ಷೆಯದ್ದು. ರಿಟೈರಾದ ಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿಯ ಗಲ್ಲೆಯ ಮೇಲಿನ ಗಂಡಸೊಬ್ಬ ಎದ್ದು ನಿಂತು, ಕೈಕಟ್ಟಿ, "ಮೇ ಐ ಗೋ ಔಟ್ ಟೀಚರ್" ಅಂದ. ಅವರ ಶಿಷ್ಯನಂತೆ. ಅಂಗಡಿಯವರೆಲ್ಲ ನಕ್ಕರು. ಆಪಾನೂ ನಕ್ಕರು. ಆಟೋದಲ್ಲಿ ಕೂತ ಮೇಲೆ, "ಮೂವತ್ತು ವರ್ಷ ಕಲಿಸ್ದೆ. ಹೊರಗ ಹೋಗೂದು ಒಂದ ಕಲ್ತಾರ" ಅಂದರು. ಆಗ ನಗಲಿಲ್ಲ.

ರಿಟೈರಾದ ವರ್ಷವೇ ಹೈದರಾಬಾದಿನಲ್ಲಿ ಆ ಆಟದ ಪಂದ್ಯವಿದೆ ಎಂದು ಯಾರೋ ಹೇಳಿದರು. ನನ್ನನ್ನೂ ಎಳೆದುಕೊಂಡು ಹೋದರು. ಟೇಬಲ್ಲಿಗೆ ಇಬ್ಬರಂತೆ ಆಟಗಾರರು, ಮಧ್ಯದಲ್ಲಿ ಒಂದು ಗಡಿಯಾರ, ಇಬ್ಬರಿಗೂ ಲೆಕ್ಕದ ನಿಮಿಷ. ಆಪಾರ ಎದುರು ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಬಿಲ್ಲೆ ನೋಡುವ ಮೊದಲೇ ಪದ ಇಡುತ್ತಿದ್ದಳು. ಒಂದು ಪದಕ್ಕೆ ಆಪಾ ಚಷ್ಮಾ ಇಳಿಸಿ, "ಇಸ್ಕಾ ಮಾನಿ ಕ್ಯಾ ಬೇಟಾ?" ಅಂದರು. ಇದರ ಅರ್ಥವೇನು ಎಂದು. ಆ ಹುಡುಗಿ ಕೆಟ್ಟವಳಲ್ಲ, ಪಾಪ, ನಿಜವಾಗಿಯೂ ಆಶ್ಚರ್ಯಪಟ್ಟಳು. "ಮಾನಿ ನಹೀ ಮಾಲೂಮ್ ಆಂಟಿ. ಲಿಸ್ಟ್ ಮೇ ಹೈ." ಅರ್ಥ ಗೊತ್ತಿಲ್ಲ, ಪಟ್ಟಿಯಲ್ಲಿದೆ, ಅಷ್ಟು ಸಾಕಂತೆ. ಆಪಾ ಸುತ್ತಲಿನ ಟೇಬಲ್ಲುಗಳನ್ನು ನೋಡಿದರು. ಯಾರಿಗೂ ಮಾನಿ ಬೇಕಿರಲಿಲ್ಲ. ಅವರು ನೋಡುತ್ತ ಕೂತಷ್ಟು ಹೊತ್ತೂ ಅವರ ಗಡಿಯಾರ ಓಡುತ್ತಿತ್ತು. ಎಲ್ಲ ಆಟವನ್ನೂ ಸೋತರು. ಮರಳುವಾಗ ರೈಲಿನಲ್ಲಿ ಒಂದೇ ಮಾತಾಡಿದರು. "ಬಾಯಿ, ಆ ಊರಾಗ ಅಷ್ಟು ಪದ ಅವ, ಒಂದಕ್ಕೂ ಮನಿಯಿಲ್ಲ."

ಅವರ ಪದಗಳಿಗೆ ಮನೆಯಿತ್ತು. ಆ ಮನೆಯ ದಾರಿ ಗೊತ್ತಿದ್ದವಳು ನಾನೊಬ್ಬಳೇ. ಅದು ಎಷ್ಟು ದೊಡ್ಡ ಮಾತೆಂದು ಹೋದ ವರ್ಷದವರೆಗೆ ನನಗೆ ತಿಳಿಯಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದ ನಾಲ್ಕನೇ ದಿನ ನಾನು ಹೋಗಿ ಮಂಚದ ಪಕ್ಕ ಕೂತೆ. ಬಾಯಿ ಒಂದು ಕಡೆ ಎಳೆದಿತ್ತು. ಏನೋ ಹೇಳಲು ಒದ್ದಾಡುತ್ತಿದ್ದರು. ಅಣ್ಣನ ಮಗಳು ಅಳುತ್ತ, "ಮುಂಜಾನಿಂದ ಹಿಂಗೇ ಮಾಡಾಕತ್ತಾಳ ಖಾಲಾ. ನೀರಂದ್ರ ಒಲ್ಲೆ, ಔಷಧ ಅಂದ್ರ ಒಲ್ಲೆ. ಏನ್ ಬೇಕಂತ ತಿಳೀವಲ್ದು" ಅಂದಳು. ನಾನು ಕಿವಿ ಬಾಯಿಯ ಹತ್ತಿರ ಹಿಡಿದೆ.

"ಝಾ... ಝಾರ್ಫ್."

ನಾನು ಎದ್ದು ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದೆ. ಚಮಚದಿಂದ ಕುಡಿಸಿದೆ. ಕುಡಿದರು. ಕಣ್ಣಿನಿಂದ ನೀರು ಇಳಿಯಿತು. ಹುಡುಗಿ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ಚಹಾ ಎಂಬ ಮಾತು ಹೋಗಿತ್ತು, ಪಾನಿ ಹೋಗಿತ್ತು, ನೀರು ಹೋಗಿತ್ತು, ಅಣ್ಣನ ಮಗಳ ಹೆಸರೂ ಹೋಗಿತ್ತು. ಬಸ್ಸಿನ ಪದಗಳು ಉಳಿದಿದ್ದವು. ಅದು ಹೇಗೆ ಎಂದು ಡಾಕ್ಟರನ್ನು ಕೇಳಿದರೆ, ಮೆದುಳಿನ ಲೆಕ್ಕ ಹೀಗೇ ಎಂದು ಹೇಳಲಾಗುವುದಿಲ್ಲ ಅಂದರು. ನಾನು ದಿನಾ ಮಧ್ಯಾಹ್ನ ಎರಡು ತಾಸು ಹೋಗತೊಡಗಿದೆ. "ಆಕ್ಸ್‌ಟರ್" ಎಂದರೆ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಬೇಕು. "ಓರ್ಟ್" ಎಂದರೆ ಹೊಟ್ಟೆ ತುಂಬಿತು, ಉಳಿದದ್ದು ತಾಟಿನಲ್ಲೇ ಇರಲಿ. "ನೋಮನ್" ಅಂದಾಗ ನಾನೇ ತುಸು ಹೊತ್ತು ಯೋಚಿಸಿದೆ. ಬಿಸಿಲು ಗಡಿಯಾರದ ಕಡ್ಡಿ ಅದು, ನೆರಳಿನಿಂದ ಹೊತ್ತು ತೋರಿಸುವಂಥದ್ದು. ನಮ್ಮ ಶಾಲೆಯ ಧ್ವಜದ ಕಂಬವನ್ನು ಅದಕ್ಕೆ ಗವಾಹಿ ಮಾಡಿದ್ದೆವು. ಹೊತ್ತೆಷ್ಟಾಯಿತು ಎಂದು ಕೇಳುತ್ತಿದ್ದರು. "ಮೂರೂವರಿ ಆಪಾ" ಅಂದೆ. ತಲೆಯಾಡಿಸಿದರು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಗುತ್ತಿತ್ತು. ಇಡೀ ಕಲಬುರಗಿಯಲ್ಲಿ ಅವರ ಮಾತು ತಿಳಿಯುವವಳು ನಾನೊಬ್ಬಳೇ ಎಂದು ಮೆರೆಯುತ್ತಿದ್ದೆ.

ಒಂದು ದಿನ ನಾನು ಹೋಗುವಷ್ಟರಲ್ಲಿ ಆಪಾರ ಹಣೆಗೆ ಪಟ್ಟಿ ಕಟ್ಟಿತ್ತು. ಹಗಲು ನೋಡಿಕೊಳ್ಳಲು ಇಟ್ಟಿದ್ದ ಹೆಂಗಸು ಗೋಡೆಗೆ ಆತು ನಿಂತಿದ್ದಳು. ಆಪಾ ಮಂಚದ ಅಂಚಿಗೆ ಜಾರುತ್ತ, "ಆಕ್ಸ್‌ಟರ್, ಆಕ್ಸ್‌ಟರ್" ಎಂದು ಕೂಗಿದ್ದಾರೆ. ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಾರೆ ಎಂದುಕೊಂಡು ಈಕೆ ಬಾಗಿಲ ಕಡೆ ನೋಡಿದ್ದಾಳೆ. ಅಷ್ಟರಲ್ಲಿ ಬಿದ್ದಿದ್ದಾರೆ.

ಅಣ್ಣನ ಮಗಳು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಬ್ಯಾಂಕಿನ ನೌಕರಿಗೆ ರಜೆ ಮುಗಿದು, ಆಫೀಸಿನಿಂದ ಓಡಿ ಬಂದವಳು, ಕೊರಳಲ್ಲಿ ಇನ್ನೂ ಅಲ್ಲಿಯ ಕಾರ್ಡು ನೇತಾಡುತ್ತಿತ್ತು.

"ಖಾಲಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಾತು ಕಲಿಸಾಕ ಬರೋ ಮ್ಯಾಡಂ ಏನಂದ್ರು ಗೊತ್ತದೇನು? ಫುಪ್ಪುಗ ಟೈಂ ಕೊಡ್ರಿ, ದಿನಾ ಬಳಸೋ ಮಾತು ರೂಢಿ ಮಾಡಿಸ್ರಿ ಅಂದ್ರು. ಅಕಿ ಝಾರ್ಫ್ ಅಂದ ಕೂಡ್ಲೆ ನೀವು ಚಹಾ ತಂದುಬಿಡ್ತೀರಿ. ಅಕಿ ಚಹಾ ಅಂತ ಯಾಕ ಕಲೀತಾಳ?"

"ನಾ ಇದ್ದಾಗ ತಿಳಿತದಲ್ಲವ್ವಾ?"

"ನೀವು ಎರಡು ತಾಸು ಇರ್ತೀರಿ. ಉಳಿದ ಇಪ್ಪತ್ತೆರಡು ತಾಸು? ನೀರು ಅಂತ ಒಂದ ಮಾತು ಬರ್ಲಿ ಸಾಕು. ನಿಮ್ಗ ತಿಳೀಲಾರದಂಗ ಇರ್ರಿ, ಕೆಲವು ದಿನ. ಕೈ ಮುಗಿತೀನಿ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಈಗಲೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಆ ಮ್ಯಾಡಂ ಟೈಂ ಕೊಡಿ ಅಂದಿದ್ದರು. ತಿಳಿಯದವರ ಹಾಗೆ ಇರಿ ಅಂದಿರಲಿಲ್ಲ. ಅದನ್ನು ಮಾಡಿಕೊಂಡವರು ನಾವಿಬ್ಬರು.

ಮರುದಿನ ಹೋಗಿ ಕೂತೆ. ಆಪಾ ನನ್ನನ್ನು ನೋಡಿ, "ಝಾರ್ಫ್" ಅಂದರು.

"ಏನ್ ಆಪಾ? ತಿಳೀವಲ್ದು. ಚಹಾ ಅನ್ರಿ. ಚ... ಹಾ."

ನನ್ನ ಮುಖ ನೋಡಿದರು. ಇನ್ನೊಂದು ಸಲ, ಜೋರಾಗಿ, "ಝಾರ್ಫ್."

"ಏನಂತೀರೋ ನಂಗ ಗೊತ್ತಾಗವಲ್ದು ನೋಡ್ರಿ."

ಆಗ ಅವರು ಎಡಗೈ ಎತ್ತಿದರು. ಎದೆಯ ಮೇಲಿದ್ದ ದುಪಟ್ಟಾದ ತುದಿಯನ್ನು ಬೆರಳುಗಳಿಂದ ಹುಡುಕಿ ಹಿಡಿದು, ಗಾಳಿಯಲ್ಲಿ ಇಲ್ಲದ ಗ್ಲಾಸಿಗೆ ಸುತ್ತಿದರು. ಒಂದು ಸುತ್ತು ಜಾರಿತು. ಮತ್ತೆ ಸುತ್ತಿದರು. ಬಟ್ಟೆ ಸುತ್ತಿದ ಕೈಯನ್ನು ನನ್ನ ಮುಂದೆ ಹಿಡಿದು ತೋರಿಸಿದರು. ಕಾಯಿದೆಯ ಪ್ರಕಾರ ಗವಾಹಿ ಕೊಟ್ಟಿದ್ದರು. ಮಂಜೂರ್ ಅನ್ನಬೇಕಾದವಳು ನಾನು.

ಬಾಗಿಲಲ್ಲಿ ಅಣ್ಣನ ಮಗಳು ನಿಂತಿದ್ದಳು. ನಾನು ತಲೆ ಅಲ್ಲಾಡಿಸಿ, "ತಿಳೀಲಿಲ್ಲ ಆಪಾ" ಅಂದೆ.

ಕೈ ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿತ್ತು. ಆಮೇಲೆ ಮೆಲ್ಲಗೆ ಇಳಿಯಿತು.

ಅದಾದ ಮೇಲೆ ಅವರು ಮಾತಾಡಲಿಲ್ಲ. ಚಹಾ ಎನ್ನಲಿಲ್ಲ, ನೀರು ಎನ್ನಲಿಲ್ಲ, ಝಾರ್ಫ್ ಕೂಡ ಎನ್ನಲಿಲ್ಲ. ಮೂರು ದಿನ ನೋಡಿ ನಾನು ಸೋತೆ. ಚಹಾ ಮಾಡಿ, ಗ್ಲಾಸಿಗೆ ಸೆರಗು ಸುತ್ತಿ, ಮುಖದ ಹತ್ತಿರ ಹಿಡಿದು, "ಝಾರ್ಫ್ ಆಪಾ, ಝಾರ್ಫ್, ಮಂಜೂರ್" ಅಂದೆ. ಬಾಯಿ ತೆರೆದು ಕುಡಿದರು. ಯಾರು ಕುಡಿಸಿದರೂ ಹಾಗೇ ಕುಡಿಯುತ್ತಿದ್ದರು. ಬಸ್ಸಿನ ಪದಗಳನ್ನೆಲ್ಲ ಒಂದೊಂದಾಗಿ ನಾನೇ ಹೇಳಿದೆ. ಸುಳ್ಳು ಪದಗಳನ್ನೂ ಕಟ್ಟಿ ಹೇಳಿದೆ. ಚಷ್ಮಾ ಇಳಿಸಲಿ, ಬಯ್ಯಲಿ ಎಂದು. ಗೋಡೆಯ ಕಡೆ ನೋಡುತ್ತ ಮಲಗಿದ್ದರು. ಡಾಕ್ಟರು ಕಾಯಿಲೆ ಮುಂದುವರಿದಿದೆ, ಇನ್ನೊಂದು ಸಣ್ಣ ಹೊಡೆತ ಆಗಿರಬಹುದು ಅಂದರು. ಆಗಿರಬಹುದು. ಡಾಕ್ಟರು ಓದಿದವರು. ಆದರೆ ಆ ಕೈ ಇಳಿದದ್ದನ್ನು ಅವರು ನೋಡಿಲ್ಲ.

ನಾಲ್ಕು ತಿಂಗಳು ಹಾಗೆ ಇದ್ದು, ಬೇಸಿಗೆ ಏರುವ ಹೊತ್ತಿಗೆ ಹೋದರು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಹೋಗಿದ್ದೆ. ಬಂದವರೆಲ್ಲ ಉಂಡು ಹೋದ ಮೇಲೆ ಅಣ್ಣನ ಮಗಳೂ ನಾನೂ ಉಳಿದೆವು. ಮಂಚ ತೆಗೆದುಬಿಟ್ಟಿದ್ದರು, ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತಿತ್ತು. ಇಬ್ಬರೂ ಆ ಕಡೆ ನೋಡದೆ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ.

"ನಂಗೆಲ್ಲಾ ತಿಳಿತಿತ್ತವ್ವಾ. ನೀ ಬ್ಯಾಡ ಅಂದಿ ಅಂತ ಸುಮ್ನ ಕೂತೆ. ಇಲ್ಲಂದ್ರ ಕಡೀತನಾ ಮಾತಾಡ್ತಿದ್ರು."

ಎಷ್ಟು ಹಗುರಾಗಿ ಅವಳ ತಲೆಗೆ ಕಟ್ಟಿದೆ ನೋಡಿ. ಅವಳು ಅಳುತ್ತಾಳೆ, ನಾನು ಸಮಾಧಾನ ಮಾಡಬಹುದು ಎಂದು ಕೂಡ ಒಳಗೊಳಗೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ನೇರವಾಗಿ ನನ್ನ ಕಣ್ಣು ನೋಡಿದಳು.

"ಡಾಕ್ಟರ್ ನಿಮ್ಗ ಸಕ್ಕರಿ ಬ್ಯಾಡ ಅಂದ್ರು, ನೀವು ಕೇಳ್ಲಿಲ್ಲ. ನಿಮ್ಮ ಮಗ ಒಬ್ಬಾಕಿ ಆಟೋದಾಗ ತಿರುಗಬ್ಯಾಡ ಅಂದ, ಕೇಳ್ಲಿಲ್ಲ. ಈ ಜನ್ಮದಾಗ ಯಾರ ಮಾತೂ ಕೇಳಿದಾಕಿ ಅಲ್ಲ ನೀವು. ನಂದೊಂದು ಮಾತು ಯಾಕ ಕೇಳಿದ್ರಿ ಖಾಲಾ?"